ಎಣ್ಣೆ ಉಣ್ಣುವ ಮಣ್ಣು

ಗೇಟು ದಾಟಿದ ಕೂಡಲೇ ಸಿಗುವುದು ಒಂದು ತಗಡಿನ ಶೆಡ್ಡು. ಸಾಲಾಗಿ ನೀಲಿ ಡ್ರಮ್ಮುಗಳು, ಪಕ್ಕದಲ್ಲಿ ಮರ ಕುಯ್ಯುವ ಎರಡು ಚೈನ್ ಸಾ, ಒಂದು ಕಳೆ ಕೊಚ್ಚುವ ಯಂತ್ರ, ಬಿಚ್ಚಿ ಹರವಿದ ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪು. ಮಣ್ಣಿನ ಸೂಕ್ಷ್ಮಜೀವಿಗಳ ಪ್ರಯೋಗಾಲಯ ನೋಡಲು ಹೋದವನಿಗೆ ಮೊದಲು ಎದುರಾದದ್ದು ಗ್ಯಾರೇಜಿನ ಸಾಮಾನು. ಜಾಗದ ಹೆಸರು, ಊರಿನ ಹೆಸರು ಹಾಕಬೇಡಿ ಎಂದು ಅಲ್ಲಿಯವರು ಕೇಳಿಕೊಂಡಿದ್ದಾರೆ. ಹಾಗಾಗಿ ಇಷ್ಟು ಮಾತ್ರ ಹೇಳಬಲ್ಲೆ: ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಕಡೆ, ಒಂದು ಬದಿ ಅಡಿಕೆ ತೋಟ, ಇನ್ನೊಂದು ಬದಿ ರಸ್ತೆಯುದ್ದಕ್ಕೂ ಹೊಂಗೆ ಮರ.

ಸುತ್ತಾಡಿಸಲು ಬಂದವರು ಅಲ್ಲಿನ ಹಿರಿಯ ಸಂಶೋಧಕಿ. ಜೊತೆಗೆ ಸಹಾಯಕರೊಬ್ಬರು. ಮಣ್ಣು ಜರಡಿ ಹಿಡಿಯುವುದರಿಂದ ಹಿಡಿದು ಬಾಟಲಿ ತೊಳೆಯುವವರೆಗೆ ಎಲ್ಲವೂ ಅವರದೇ ಕೆಲಸ. "ಒಳಗೆ ಹೋಗೋ ಮುಂಚೆ ಇದನ್ನ ನೋಡಿಬಿಡಿ ಸಾರ್" ಎಂದು ಸಹಾಯಕರು ಒಂದು ಚೈನ್ ಸಾ ಎತ್ತಿ ಬೆಂಚಿನ ಮೇಲಿಟ್ಟರು. ಅದಕ್ಕೆ ಎರಡು ಟ್ಯಾಂಕು. ಒಂದು ಪೆಟ್ರೋಲಿಗೆ, ಇನ್ನೊಂದು ಸರಪಳಿಯ ಎಣ್ಣೆಗೆ. ಕಾರಿನ ಎಂಜಿನ್ನಿನಲ್ಲಿ ಆಯಿಲ್ ಒಳಗೊಳಗೇ ಸುತ್ತುತ್ತದೆ, ಹಳತಾದಾಗ ಇಳಿಸುತ್ತೇವೆ. ಇಲ್ಲಿ ಸುತ್ತುವ ಮಾತೇ ಇಲ್ಲ. ಸರಪಳಿ ಓಡಿದಂತೆ ಎಣ್ಣೆ ಸಿಡಿದು ಹೋಗುತ್ತದೆ: ಮರದ ಹೊಟ್ಟಿಗೆ, ಮಣ್ಣಿಗೆ, ಕುಯ್ಯುವವನ ಪ್ಯಾಂಟಿಗೆ. ಪೆಟ್ರೋಲ್ ಟ್ಯಾಂಕು ಒಮ್ಮೆ ಖಾಲಿಯಾಗುವ ಹೊತ್ತಿಗೆ ಎಣ್ಣೆ ಟ್ಯಾಂಕೂ ಹೆಚ್ಚುಕಡಿಮೆ ಖಾಲಿ. ಅಷ್ಟೂ ತೋಟದ ನೆಲಕ್ಕೆ ಸೇರಿದ ಹಾಗೆ.

ಕಬ್ಬಿನ ಗಾಣದ ತೆರೆದ ಹಲ್ಲುಚಕ್ರಗಳಿಗೆ ಹಾಕುವ ಎಣ್ಣೆ, ಮನೆ ಕಟ್ಟುವಲ್ಲಿ ಸೆಂಟ್ರಿಂಗ್ ಹಲಗೆಗೆ ಬಳಿಯುವ ಎಣ್ಣೆ, ತಿರುವಿನಲ್ಲಿ ರೈಲು ಹಳಿಗೆ ಹಚ್ಚುವ ಗ್ರೀಸು, ಇವುಗಳ ಕತೆಯೂ ಇದೇ. ಬಳಸಿದ್ದನ್ನು ವಾಪಸು ಹಿಡಿಯುವ ದಾರಿ ಇಲ್ಲ. ಹೀಗೆ ಖಂಡಿತ ಮಣ್ಣಿಗೆ ಬೀಳುವ ಎಣ್ಣೆ ಮಣ್ಣಿನಲ್ಲಿ ಕರಗುವಂಥದ್ದಾಗಿರಲಿ ಎಂಬುದು ಇಲ್ಲಿನ ಕೆಲಸದ ಹಿಂದಿರುವ ಯೋಚನೆ. ಕಾಡು ಹೆಚ್ಚಿರುವ ಆಸ್ಟ್ರಿಯಾ ದೇಶ 1992ರಲ್ಲೇ ಚೈನ್ ಸಾಗೆ ಪೆಟ್ರೋಲಿಯಂ ಎಣ್ಣೆ ಹಾಕುವುದನ್ನು ನಿಲ್ಲಿಸಿತು. ನಮ್ಮಲ್ಲಿ ಆ ಟ್ಯಾಂಕಿಗೆ ಗ್ಯಾರೇಜಿನ ವೇಸ್ಟ್ ಆಯಿಲ್ ಸುರಿಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದುಡ್ಡು ಉಳಿಯುತ್ತದಲ್ಲ!

ಡ್ರಮ್ಮುಗಳ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದಿತ್ತು. ಹೊಂಗೆ, ಹಿಪ್ಪೆ, ಹರಳು, ಸೋಯಾ. ಒಂದೊಂದರಲ್ಲೂ ಬೆರಳು ಅದ್ದಿ ಉಜ್ಜಿ ನೋಡಲು ಹೇಳಿದರು. ಹೊಂಗೆಯ ವಾಸನೆ ಗೊತ್ತಿದ್ದವರಿಗೆ ಗೊತ್ತು, ಸೋಪು ಹಾಕಿ ತೊಳೆದರೂ ಕೈ ಬಿಡುವುದಿಲ್ಲ. ಹರಳೆಣ್ಣೆ ಮಾತ್ರ ಉಳಿದವಕ್ಕಿಂತ ಬಹಳ ಮಂದ. ಅದರ ಕೊಬ್ಬಿನಾಮ್ಲದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ರಿಸಿನೋಲಿಕ್ ಆಮ್ಲ. ಆ ಆಮ್ಲದ ಸರಪಳಿಯ 12ನೇ ಇಂಗಾಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಅಂಟಿಕೊಂಡಿರುತ್ತದೆ, ಅದರಿಂದ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಎಣ್ಣೆ ಮಂದವಾಗುತ್ತದೆ. ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಮಾಡಿಕೊಳ್ಳುತ್ತಿದ್ದ ಕಾಲಕ್ಕೆ ಈ ರಸಾಯನ ಯಾರಿಗೂ ಗೊತ್ತಿರಲಿಲ್ಲ. ಕೆಲಸ ಮಾತ್ರ ನಡೆಯುತ್ತಿತ್ತು. ಮೊದಲ ಮಹಾಯುದ್ಧದ ಕಾಲದ ಎಷ್ಟೋ ವಿಮಾನಗಳ ಎಂಜಿನ್ನುಗಳು ಹರಳೆಣ್ಣೆಯ ಮೇಲೇ ಓಡಿದವು.

ಶೆಡ್ಡಿನಿಂದ ಮುಂದೆ ಒಂದು ಉದ್ದನೆ ಪಡಸಾಲೆ. ಅದರ ಮೊದಲ ಕೋಣೆ ಮಣ್ಣಿನದು. ಚಪ್ಪಲಿ ಹೊರಗೆ ಬಿಡಬೇಕು. ಹೊರಗಿನ ಮಣ್ಣು ಒಳಗಿನ ಮಣ್ಣಿಗೆ ಸೇರಬಾರದು ಎಂಬುದು ಕಾರಣವೇ ಹೊರತು ನೆಲ ಕೊಳೆಯಾಗುತ್ತದೆ ಎಂಬುದಲ್ಲ. ಕಪಾಟಿನಲ್ಲಿ ಬಟ್ಟೆಯ ಚೀಲಗಳು, ಪ್ರತಿಯೊಂದಕ್ಕೂ ಚೀಟಿ: ಕಾಫಿ ತೋಟ, ಗದ್ದೆ, ಅಡಿಕೆ ತೋಟದ ಬಸಿಗಾಲುವೆ, ರಾಗಿ ಹೊಲ, ಲಾರಿ ಗ್ಯಾರೇಜು. ಎಲ್ಲವನ್ನೂ 2 ಮಿಲಿಮೀಟರ್ ಜರಡಿಯಲ್ಲಿ ಹಿಡಿದಿಟ್ಟಿದ್ದಾರೆ. ಮೂಸಿ ನೋಡಿದೆ. ಕಾಫಿ ತೋಟದ್ದು ಮೊದಲ ಮಳೆಗೆ ನೆಲ ಬಿಡುವ ವಾಸನೆ. ಆ ವಾಸನೆ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಂಥ ಬ್ಯಾಕ್ಟೀರಿಯಾಗಳು ಮಾಡುವ ಜಿಯೋಸ್ಮಿನ್ ಎಂಬ ಪದಾರ್ಥದ್ದು. ಗ್ಯಾರೇಜಿನದು ಬರೀ ಡೀಸೆಲ್. ರಾಗಿ ಹೊಲದ ಮಣ್ಣಿಗೂ ಬಸಿಗಾಲುವೆಯದಕ್ಕೂ ವ್ಯತ್ಯಾಸ ಇದೆ ಎಂದು ಸಹಾಯಕರು ಹೇಳಿದರು. ನನ್ನ ಮೂಗಿಗೆ ಅದು ಸಿಕ್ಕಲಿಲ್ಲ.

ನನಗೆ ಕುತೂಹಲ ಇದ್ದದ್ದು ಗ್ಯಾರೇಜಿನ ಚೀಲದ ಮೇಲೆ. ವರ್ಷಗಟ್ಟಲೆ ಆಯಿಲ್ ಚೆಲ್ಲಿದ ನೆಲದಲ್ಲಿ ಆಯಿಲ್ ತಿಂದು ಪಳಗಿದ ಜೀವಿಗಳೇ ಉಳಿದಿರುತ್ತವೆ, ಪರೀಕ್ಷೆಗೆ ಅದೇ ಮಣ್ಣು ಸರಿ ಎಂದು ನನ್ನ ಲೆಕ್ಕ. ಮೇಡಂ ತಲೆ ಅಲ್ಲಾಡಿಸಿದರು. ಎಣ್ಣೆಯೊಂದು ಸುಲಭವಾಗಿ ಕೊಳೆಯುತ್ತದೆ ಎಂದು ಹೇಳಬೇಕಾದರೆ ಮಾಡುವ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಮೊದಲೇ ಪಳಗಿಸಿದ ಜೀವಿಗಳನ್ನು ಬಳಸುವಂತಿಲ್ಲವಂತೆ. "ಎಣ್ಣೆ ನಾಳೆ ಯಾರ ತೋಟದಲ್ಲಿ ಚೆಲ್ಲುತ್ತೋ ಗೊತ್ತಿಲ್ಲ. ಅಲ್ಲಿರೋದು ಸಾಮಾನ್ಯ ಮಣ್ಣು. ಅದಕ್ಕೆ ಆಗುತ್ತೋ ಇಲ್ವೋ ಅನ್ನೋದೇ ಪ್ರಶ್ನೆ." ಗ್ಯಾರೇಜಿನ ಮಣ್ಣನ್ನು ಬೇರೆ ಪ್ರಯೋಗಗಳಿಗೆ, ಮುಖ್ಯವಾಗಿ ಎಣ್ಣೆ ಕೆಡಿಸಿದ ಜಾಗವನ್ನು ಸರಿಪಡಿಸುವ ಪ್ರಯೋಗಕ್ಕೆ, ಇಟ್ಟುಕೊಂಡಿದ್ದಾರೆ.

ಮುಂದಿನ ಕೋಣೆಗೆ ಕೈ ತೊಳೆದು ಹೋಗಬೇಕು. ಇಲ್ಲಿ ಮಣ್ಣಿನೊಳಗೆ ಯಾರಿದ್ದಾರೆ ಎಂದು ನೋಡುತ್ತಾರೆ. ಒಂದು ಗ್ರಾಂ ಒಳ್ಳೆಯ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ. ಹಾಗೆಯೇ ತಟ್ಟೆಗೆ ಹಾಕಿದರೆ ಎಣಿಸಲಾಗುವುದಿಲ್ಲ. ಅದಕ್ಕೇ ನೀರಿನಲ್ಲಿ ಕಲಸಿ, ಅದರ ಹತ್ತನೇ ಒಂದು ಪಾಲನ್ನು ಹೊಸ ನೀರಿಗೆ, ಅದರ ಹತ್ತನೇ ಒಂದನ್ನು ಇನ್ನೊಂದಕ್ಕೆ, ಹೀಗೆ ಹತ್ತು ಲಕ್ಷದಲ್ಲೊಂದು ಪಾಲಿನವರೆಗೂ ತೆಳು ಮಾಡುತ್ತಾರೆ. ಆ ನೀರಿನ ಹನಿ ಅಗರ್ ತಟ್ಟೆಗೆ ಬೀಳುತ್ತದೆ.

ನನಗೆ ತೋರಿಸಿದ ತಟ್ಟೆಗಳಲ್ಲಿ ಅಗರ್ ಮೊಸರಿನ ಬಣ್ಣಕ್ಕಿತ್ತು. ಅದರಲ್ಲಿ ಟ್ರೈಬ್ಯುಟಿರಿನ್ ಎಂಬ ಕೊಬ್ಬನ್ನು ಸಣ್ಣ ಸಣ್ಣ ಹನಿಯಾಗಿ ಬೆರೆಸಿರುತ್ತಾರೆ, ಅದಕ್ಕೇ ಆ ಬಿಳುಪು. ಅಲ್ಲಲ್ಲಿ ಬ್ಯಾಕ್ಟೀರಿಯಾದ ಚುಕ್ಕೆಗಳು. ಕೆಲವು ಚುಕ್ಕೆಗಳ ಸುತ್ತ ಬಿಳುಪು ಹೋಗಿ ಗಾಜಿನಷ್ಟು ತಿಳಿಯಾದ ಬಳೆ. ಆ ಬಳೆ ಕಂಡರೆ ಆ ಜೀವಿ ಲಿಪೇಸ್ ಕಿಣ್ವ ಹೊರಬಿಟ್ಟು ಸುತ್ತಲಿನ ಕೊಬ್ಬನ್ನು ಒಡೆದಿದೆ ಎಂದರ್ಥ. ಇನ್ನೊಂದು ತಟ್ಟೆಗೆ ರೋಡಮಿನ್ ಬಿ ಬಣ್ಣ ಮತ್ತು ಆಲಿವ್ ಎಣ್ಣೆ ಹಾಕಿದ್ದರು. ದೀಪ ಆರಿಸಿ ನೇರಳಾತೀತ ಬೆಳಕು ಹಿಡಿದಾಗ ಕೆಲವು ಚುಕ್ಕೆಗಳು ಕಿತ್ತಳೆ ಬಣ್ಣಕ್ಕೆ ಹೊಳೆದವು. ನಿಜ ಹೇಳಬೇಕೆಂದರೆ ಎರಡು ತಟ್ಟೆಯಲ್ಲಿ ಹೊಳಪು ಸ್ಪಷ್ಟ ಕಂಡಿತು. ಮೂರನೆಯದರಲ್ಲಿ "ಇಲ್ಲೂ ಇದೆ ನೋಡಿ" ಎಂದರು, ನನಗೆ ಅಷ್ಟು ಖಾತ್ರಿಯಾಗಲಿಲ್ಲ.

ಸ್ಯೂಡೋಮೊನಾಸ್, ಬ್ಯಾಸಿಲಸ್, ಅಸಿನಿಟೋಬ್ಯಾಕ್ಟರ್, ರೋಡೋಕೋಕಸ್ ಎಂದು ಚೀಟಿಗಳಲ್ಲಿ ಹೆಸರು. ಶಿಲೀಂಧ್ರಗಳ ಕಪಾಟಿನಲ್ಲಿ ಆಸ್ಪರ್ಜಿಲಸ್, ಪೆನಿಸಿಲಿಯಂ. ಇವೇನೂ ಅಪರೂಪದ ಜೀವಿಗಳಲ್ಲ, ಎಲ್ಲ ಹಿತ್ತಿಲಲ್ಲೂ ಇರುವಂಥವು. ಒಂದು ಎಚ್ಚರಿಕೆಯನ್ನು ಮೇಡಂ ತಾವಾಗಿಯೇ ಹೇಳಿದರು: ಮಣ್ಣಿನ ಜೀವಿಗಳಲ್ಲಿ ಹೆಚ್ಚಿನವು ಹೀಗೆ ತಟ್ಟೆಯ ಮೇಲೆ ಬೆಳೆಯುವುದೇ ಇಲ್ಲ. ತಟ್ಟೆಯಲ್ಲಿ ಕಂಡದ್ದು ಸಣ್ಣ ಪಾಲು. ಹೊಲದಲ್ಲಿ ಎಣ್ಣೆ ತಿನ್ನುವ ನಿಜವಾದ ಕೆಲಸಗಾರರು ಇವೇ ಇರಬಹುದು, ಇವಲ್ಲದೆಯೂ ಇರಬಹುದು.

ಗೋಡೆಗೆ ತೂಗುಹಾಕಿದ ಚಿತ್ರವೊಂದರ ಮುಂದೆ ಸ್ವಲ್ಪ ಹೊತ್ತು ನಿಂತೆವು. ಸಸ್ಯದ ಎಣ್ಣೆ ಯಾಕೆ ಬೇಗ ಕರಗುತ್ತದೆ, ಪೆಟ್ರೋಲಿಯಂ ಎಣ್ಣೆ ಯಾಕೆ ತಡ ಎಂಬುದಕ್ಕೆ ಅದರಲ್ಲಿ ಉತ್ತರವಿತ್ತು. ಸಸ್ಯದ ಎಣ್ಣೆಯ ಒಂದು ಅಣುವೆಂದರೆ ಒಂದು ಗ್ಲಿಸರಾಲ್, ಅದಕ್ಕೆ ತಗುಲಿದ ಮೂರು ಕೊಬ್ಬಿನಾಮ್ಲ. ತಗುಲಿಕೊಂಡಿರುವ ಜಾಗ ಎಸ್ಟರ್ ಬಂಧ. ಲಿಪೇಸ್ ಕೈ ಹಾಕುವುದು ಅಲ್ಲಿಗೇ. ಬಂಧ ಕಳಚಿದ ಮೇಲೆ ಉದ್ದನೆಯ ಕೊಬ್ಬಿನಾಮ್ಲ ಜೀವಕೋಶದ ಒಳಗೆ ಹೋಗುತ್ತದೆ. ಅಲ್ಲಿ ಕಬ್ಬಿನ ಜಲ್ಲೆಯನ್ನು ತುದಿಯಿಂದ ಎರಡೆರಡು ಗಿಣ್ಣಿಗೆ ಕಡಿದ ಹಾಗೆ, ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸಿ ಹಾಕುತ್ತದೆ ಜೀವಿ. ಹೊಂಗೆ ಎಣ್ಣೆಯಲ್ಲಿ ಹೆಚ್ಚಾಗಿರುವ ಓಲಿಕ್ ಆಮ್ಲಕ್ಕೆ 18 ಇಂಗಾಲ. ಎಂಟು ಸಲ ಕಡಿದರೆ ಒಂಬತ್ತು ತುಂಡು. ಆ ತುಂಡುಗಳಲ್ಲಿ ಕೆಲವು ಜೀವಿಯ ಮೈಗೆ, ಉಳಿದವು ಶಕ್ತಿಗೆ. ಕೊನೆಗೆ ಹೊರಬರುವುದು ಇಂಗಾಲದ ಡೈಆಕ್ಸೈಡು ಮತ್ತು ನೀರು. ಈ ದಾರಿ ಬ್ಯಾಕ್ಟೀರಿಯಾಗಳಿಗೆ ಹೊಸದಲ್ಲ. ಬೀಜ ಬಿದ್ದು ಕೊಳೆಯಲು ಶುರುವಾದಾಗಿನಿಂದ ಅವು ಇದನ್ನೇ ಮಾಡುತ್ತಿವೆ.

ಪೆಟ್ರೋಲಿಯಂ ಎಣ್ಣೆಯಲ್ಲಿ ಆ ಎಸ್ಟರ್ ಬಂಧ ಇಲ್ಲ. ಕವಲೊಡೆದ ಸರಪಳಿ, ಉಂಗುರಗಳು. ಎಲ್ಲಿ ಹಿಡಿದು ಶುರು ಮಾಡಬೇಕು ಎಂಬುದೇ ಕಷ್ಟ. ಮೊದಲು ಆಮ್ಲಜನಕವನ್ನು ಬಲವಂತವಾಗಿ ಸೇರಿಸಿ ಹಿಡಿಯಲು ಜಾಗ ಮಾಡಿಕೊಳ್ಳಬೇಕು. ಅದನ್ನೂ ತಿನ್ನುವ ಜೀವಿಗಳಿವೆ, ಆದರೆ ನಿಧಾನ. 21 ದಿನಗಳ ಒಂದು ಹಳೆಯ ಯುರೋಪಿನ ಪರೀಕ್ಷೆಯಲ್ಲಿ ಸಸ್ಯದ ಎಣ್ಣೆಗಳು ಶೇ. 70ರಿಂದ 100ರವರೆಗೆ ಒಡೆದರೆ, ಪೆಟ್ರೋಲಿಯಂ ಎಣ್ಣೆಗಳದು ಸಾಮಾನ್ಯವಾಗಿ ಶೇ. 15ರಿಂದ 35.

ಬಾಟಲಿಗಳ ಕೋಣೆಯಲ್ಲಿ ಚಳಿ. ಉಷ್ಣತೆ 22 ಡಿಗ್ರಿಗೆ ಕಟ್ಟಿಟ್ಟಿದ್ದಾರೆ, ಬೆಳಕು ಕಡಿಮೆ. ಈ ಇಡೀ ಜಾಗದಲ್ಲಿ ಮುಖ್ಯವಾದದ್ದು ಈ ಕೋಣೆ ಎಂದು ನನಗನ್ನಿಸಿತು, ನೋಡಲು ಮಾತ್ರ ಇಲ್ಲಿ ಏನೂ ಇಲ್ಲ. ಸಾಲು ಸಾಲು ಗಾಜಿನ ಬಾಟಲಿ, ಒಂದರಿಂದ ಒಂದಕ್ಕೆ ರಬ್ಬರ್ ಕೊಳವೆ, ಮೆಲ್ಲಗೆ ಗುಳುಗುಳು ಸದ್ದು. ಎಣ್ಣೆ ಎಷ್ಟು ಕರಗಿತು ಎಂದು ಎಣ್ಣೆಯನ್ನೇ ಅಳೆಯುವುದಿಲ್ಲ. ಜೀವಿಗಳು ಬಿಟ್ಟ ಉಸಿರನ್ನು ಅಳೆಯುತ್ತಾರೆ. ಅಣುವಿನ ಲೆಕ್ಕ ಹಿಡಿದರೆ ಒಂದು ಗ್ರಾಂ ಎಣ್ಣೆ ಪೂರ್ತಿ ಉಸಿರಾಗಿ ಹೋದಾಗ ಸುಮಾರು 2.8 ಗ್ರಾಂ ಇಂಗಾಲದ ಡೈಆಕ್ಸೈಡು ಬರಬೇಕು. ನಿಜಕ್ಕೂ ಎಷ್ಟು ಬಂತು ನೋಡಿ, ಅದು ಇದರ ಶೇಕಡಾ ಎಷ್ಟು ಎಂದು ಬರೆಯುತ್ತಾರೆ.

ಅಳೆಯುವ ಕ್ರಮ ನಾವು ಪಿಯುಸಿಯಲ್ಲಿ ಮಾಡಿದ ಟೈಟ್ರೇಶನ್ನೇ. ಬಾಟಲಿಯಿಂದ ಬಂದ ಗಾಳಿ ಕ್ಷಾರದ ನೀರಿನ ಮೂಲಕ ಹಾಯುತ್ತದೆ, ಡೈಆಕ್ಸೈಡು ಅಲ್ಲೇ ಸಿಕ್ಕಿಬೀಳುತ್ತದೆ. ಖರ್ಚಾಗದೆ ಉಳಿದ ಕ್ಷಾರ ಎಷ್ಟೆಂದು ಆಮ್ಲ ಹನಿಸಿ ನೋಡುತ್ತಾರೆ. ಸಹಾಯಕರು ನನ್ನೆದುರೇ ಒಂದು ಮಾಡಿ ತೋರಿಸಿದರು. ಬ್ಯೂರೆಟ್ಟಿನಿಂದ ಹನಿ ಹನಿ, ಫಿನಾಲ್ಫ್ಥಲೀನ್ ಹಾಕಿದ ಗುಲಾಬಿ ನೀರು ಒಂದೇ ಹನಿಗೆ ಬಣ್ಣ ಬಿಟ್ಟಿತು. "ಈ ಒಂದು ಹನಿ ಹೆಚ್ಚಾದ್ರೆ ಲೆಕ್ಕ ಹೋಯ್ತು ಸಾರ್" ಎಂದರು. ಸ್ವಯಂಚಾಲಿತ ಯಂತ್ರವೂ ಮೂಲೆಯಲ್ಲಿತ್ತು. ಅದರ ಮೇಲೆ ಬಟ್ಟೆ ಹೊದಿಸಿತ್ತು. ಯಾಕೆಂದು ಕೇಳಲಿಲ್ಲ.

ಎಣ್ಣೆ ಹಾಕಿದ ಬಾಟಲಿಗಳಿಗಿಂತ ಎಣ್ಣೆ ಹಾಕದವೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವು. ಒಂದರಲ್ಲಿ ಬರೀ ಮಣ್ಣಿನ ಜೀವಿಗಳು. ಅವು ಎಣ್ಣೆ ಇಲ್ಲದೆಯೂ ಉಸಿರಾಡುತ್ತವೆ, ಆ ಉಸಿರನ್ನು ಲೆಕ್ಕದಿಂದ ಕಳೆಯಬೇಕು. ಇನ್ನೊಂದರಲ್ಲಿ ಎಣ್ಣೆ ಇದೆ, ಜೀವಿಗಳನ್ನು ಕೊಂದುಹಾಕಿದ್ದಾರೆ, ಜೀವವಿಲ್ಲದೆ ತಾನಾಗಿ ಏನಾದರೂ ಆಗುತ್ತದೆಯೇ ನೋಡಲು. ಮೂರನೆಯದರಲ್ಲಿ ಸೋಡಿಯಂ ಅಸಿಟೇಟ್, ಎಲ್ಲ ಬ್ಯಾಕ್ಟೀರಿಯಾಕ್ಕೂ ಸುಲಭದ ಊಟ. ಅದು 14 ದಿನದೊಳಗೆ ಶೇ. 60 ಮುಟ್ಟದಿದ್ದರೆ ಇಡೀ ಪರೀಕ್ಷೆಯೇ ರದ್ದು, ಏಕೆಂದರೆ ತಂದ ಜೀವಿಗಳಲ್ಲೇ ದಮ್ಮಿಲ್ಲ ಎಂದಾಯಿತು. ಎಣ್ಣೆಗೆ ಸಿಗುವ ಗಡುವು 28 ದಿನ. ಅಷ್ಟರೊಳಗೆ ಶೇ. 60 ದಾಟಿದರೆ ಪಾಸು.

100 ಬಿಟ್ಟು 60 ಯಾಕೆ? ತಿಂದದ್ದೆಲ್ಲ ಉಸಿರಾಗುವುದಿಲ್ಲವಲ್ಲ. ಒಂದು ಪಾಲು ಹೊಸ ಬ್ಯಾಕ್ಟೀರಿಯಾಗಳ ಮೈಯಾಗುತ್ತದೆ. ಗೋಡೆಯ ಮೇಲಿನ ನಕ್ಷೆಯಲ್ಲಿ ಸಸ್ಯದ ಎಣ್ಣೆಯ ಗೆರೆ ಮೊದಲ ಕೆಲವು ದಿನ ನೆಲ ಬಿಟ್ಟು ಏಳುವುದಿಲ್ಲ, ಆಮೇಲೆ ಕಡಿದಾಗಿ ಏರುತ್ತದೆ, 60 ದಾಟಿ ಮೆಲ್ಲಗೆ ಬಾಗುತ್ತದೆ. ಮೊದಲ ದಿನಗಳ ಆ ಸುಮ್ಮನಿರುವಿಕೆ ಜೀವಿಗಳು ಕಿಣ್ವ ತಯಾರಿಸಿಕೊಳ್ಳುವ ಹೊತ್ತು. ಪೆಟ್ರೋಲಿಯಂ ಎಣ್ಣೆಯ ಗೆರೆ ಕೊನೆಯವರೆಗೂ ಕೆಳಗೇ ಇತ್ತು. ಎರಡರ ನಡುವೆ ಇನ್ನೊಂದು ಗೆರೆ ಕಂಡಿತು. ಅದೂ ಸಸ್ಯದ ಎಣ್ಣೆಯೇ, ಆದರೆ ಯಂತ್ರದಲ್ಲಿ ಬಹಳ ಕಾಲ ಬಿಸಿಯಾಗಿ ದಪ್ಪಗಟ್ಟಿದ್ದು. ಬಾಗಿಲಿಗೆ ಬಳಿದ ಅಗಸೆ ಎಣ್ಣೆ ಗಾಳಿಗೆ ಪೊರೆಯಾಗುವುದನ್ನು ನೋಡಿದ್ದೇವೆ. ಅಣುಗಳು ಒಂದಕ್ಕೊಂದು ಹೆಣೆದುಕೊಂಡಾಗ ಲಿಪೇಸ್‌ಗೆ ಎಸ್ಟರ್ ಬಂಧದ ಬಳಿ ಹೋಗುವುದೇ ಕಷ್ಟವಾಗುತ್ತದೆ. ಸಸ್ಯದ ಎಣ್ಣೆಯ ದೊಡ್ಡ ದೌರ್ಬಲ್ಯ ಇದು: ಮಣ್ಣಿನಲ್ಲಿ ಬೇಗ ಕೆಡಬೇಕು, ಯಂತ್ರದಲ್ಲಿ ಕೆಡಬಾರದು. ಒಂದೇ ಎಣ್ಣೆಯಿಂದ ಎರಡನ್ನೂ ಕೇಳುತ್ತಿದ್ದೇವೆ. ಕೆಡದಿರಲೆಂದು ಸೇರಿಸುವ ಮದ್ದು ಜೀವಾಣುಗಳಿಗೂ ರುಚಿಸುವುದಿಲ್ಲ.

ಹೊರಡುವ ಮುಂಚೆ ಮೇಡಂ ಬಿಳಿ ಹಲಗೆಯ ಮೇಲೆ ಒಂದು ಲೆಕ್ಕ ಹಾಕಿದರು. ನಾನು ಅದನ್ನು ಹಾಗೇ ಬರೆದುಕೊಂಡು ಬಂದೆ. ಒಂದು ಲೀಟರ್ ಎಣ್ಣೆ ಪೂರ್ತಿ ಉಸಿರಾಗಿ ಹೋಗಲು ಸುಮಾರು 2.7 ಕಿಲೋ ಆಮ್ಲಜನಕ ಬೇಕು. ಅಷ್ಟು ಆಮ್ಲಜನಕ ಇರುವುದು ಸುಮಾರು 10 ಸಾವಿರ ಲೀಟರ್ ಗಾಳಿಯಲ್ಲಿ. ಅದೇ ಎಣ್ಣೆ ಹಳ್ಳಕ್ಕೋ ಕೆರೆಗೋ ಬಿದ್ದರೆ? ನಮ್ಮ ಹವೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಹೆಚ್ಚೆಂದರೆ 8 ಮಿಲಿಗ್ರಾಂ. ಒಂದು ಲೀಟರ್ ಎಣ್ಣೆಗೆ 3 ಲಕ್ಷ ಲೀಟರ್‌ಗೂ ಮಿಕ್ಕಿ ನೀರಿನ ಆಮ್ಲಜನಕ ಬೇಕಾಗುತ್ತದೆ. ಮೀನಿಗೆ ಏನು ಉಳಿಯಿತು? ಬೇಗ ಕರಗುವ ಎಣ್ಣೆ ಎಂದರೆ ಬೇಗ ಆಮ್ಲಜನಕ ಎಳೆಯುವ ಎಣ್ಣೆ ಎಂದೂ ಆಯಿತು. ಸಸ್ಯದ್ದು, ನೀರಿಗೆ ಬಿದ್ದರೂ ಚಿಂತೆಯಿಲ್ಲ ಎಂದು ನಂಬಿದ್ದವರಲ್ಲಿ ನಾನೂ ಒಬ್ಬ. ಈ ಲೆಕ್ಕ ನೋಡಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ಕಟ್ಟಡದ ಹಿಂದೆ ತೆರೆದ ಅಂಗಳ. ಇಟ್ಟಿಗೆ ಕಟ್ಟಿ ಮಾಡಿದ ಮಣ್ಣಿನ ಮಡಿಗಳು, ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದ ಎಣ್ಣೆ ಬೆರೆಸಿದೆ. ಪೂರಾ ಬಿಸಿಲು. ಕಿಲೋ ಮಣ್ಣಿಗೆ 5 ಗ್ರಾಂ ಎಣ್ಣೆ ಬೆರೆಸಿದ ಮಡಿಗೆ ಸಹಾಯಕರು ಚೊಂಬಿನಿಂದ ನೀರು ಸುರಿದರು, ಇಂಗಿತು. 50 ಗ್ರಾಂ ಬೆರೆಸಿ ಆಗತಾನೇ ಇಟ್ಟ ಮಡಿಗೆ ಸುರಿದರು. ನೀರು ಒಳಗಿಳಿಯದೆ ಮುತ್ತು ಮುತ್ತಾಗಿ ಮೇಲೆ ಉರುಳಿತು. ಮಣ್ಣಿನ ಕಣಗಳಿಗೆ ಎಣ್ಣೆ ಹೊದಿಕೆಯಾದರೆ ನೀರೂ ಇಳಿಯುವುದಿಲ್ಲ, ಗಾಳಿಯೂ ಆಡುವುದಿಲ್ಲ. ಎಣ್ಣೆ ತಿನ್ನುವ ಜೀವಿಗಳಿಗೆ ಬೇಕಾದದ್ದೂ ಆ ಎರಡೇ. ತೆಳ್ಳಗೆ ಚೆದುರಿದ ಎಣ್ಣೆ ಬೇಗ ಹೋಗುತ್ತದೆ, ಒಂದೇ ಕಡೆ ಕೊಡ ಸುರಿದದ್ದು ಅಲ್ಲೇ ಕೂರುತ್ತದೆ. ಚೈನ್ ಸಾ ಎಣ್ಣೆ ತಾನಾಗಿಯೇ ಸಿಡಿದು ಚೆದುರುತ್ತದೆ ಎಂಬುದು ಈ ಮಟ್ಟಿಗೆ ಅನುಕೂಲ.

ಪಕ್ಕದ ಸಾಲಿನಲ್ಲಿ ರಾಗಿ ಮತ್ತು ಹೆಸರು ಬಿತ್ತಿದ್ದರು. ಎಣ್ಣೆ ಬೆರೆತ ಮಡಿಗಳಲ್ಲಿ ರಾಗಿಯ ಪೈರು ಹಳದಿ. ವಿಷ ಇರಬೇಕು ಎಂದುಕೊಂಡೆ. ಕಾರಣ ಬೇರೆ ಇತ್ತು. ಎಣ್ಣೆಯಲ್ಲಿರುವುದು ಇಂಗಾಲ, ಜಲಜನಕ, ಒಂದಿಷ್ಟು ಆಮ್ಲಜನಕ. ಸಾರಜನಕ ಇಲ್ಲ, ರಂಜಕ ಇಲ್ಲ. ಎಣ್ಣೆ ತಿಂದು ಮೈ ಬೆಳೆಸಿಕೊಳ್ಳುವ ಬ್ಯಾಕ್ಟೀರಿಯಾ ಸಾರಜನಕವನ್ನು ಮಣ್ಣಿನಿಂದಲೇ ಎತ್ತಿಕೊಳ್ಳುತ್ತದೆ, ಪೈರಿನ ಪಾಲಿನದನ್ನೂ ಸೇರಿಸಿ. ಎಣ್ಣೆ ಬಿದ್ದ ನೆಲ ಸರಿಪಡಿಸುವವರು 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ ಎಂಬ ಅಂದಾಜು ಇಟ್ಟುಕೊಂಡಿದ್ದಾರೆ. ಒಂದು ಲೀಟರ್ ಎಣ್ಣೆಗೆ ಸುಮಾರು 150 ಗ್ರಾಂ ಯೂರಿಯಾ ಎಂದು ಲೆಕ್ಕ ಬರುತ್ತದೆ. ಯೂರಿಯಾ, ಕೊಟ್ಟಿಗೆ ಗೊಬ್ಬರ ಕೊಟ್ಟು ಆಗಾಗ ಮಗುಚಿದ ಮಡಿಯಲ್ಲಿ ಪೈರು ಹಸಿರಾಗಿಯೇ ಇತ್ತು. ಆದರೂ ಎಣ್ಣೆ ಇಲ್ಲದ ಮಡಿಯಷ್ಟು ಎತ್ತರ ಬಂದಿರಲಿಲ್ಲ.

ಹೊಂಗೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದರ ಬೀಜದಲ್ಲಿ ಕರಂಜಿನ್ ಎಂಬ ಪದಾರ್ಥ ಇದೆ. ಮಣ್ಣಿನಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳನ್ನು ಅದು ತಡೆಹಿಡಿಯುತ್ತದೆ. ಬೇವಿಗೂ ಇದೇ ಗುಣ. ಅದಕ್ಕಾಗಿಯೇ 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪಿಸುತ್ತಿದ್ದಾರೆ. ಗೊಬ್ಬರಕ್ಕೆ ಒಳ್ಳೆಯದಾದ ಈ ಗುಣ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳ ಕಾಲನ್ನೂ ಹಿಡಿದು ಎಳೆಯುತ್ತದೆಯೇ ಎಂದು ಕೇಳಿದೆ. ಮೇಡಂ ಒಂದು ಕ್ಷಣ ಸುಮ್ಮನಿದ್ದು, "ಅದನ್ನೇ ನಾವೂ ನೋಡ್ತಾ ಇದ್ದೀವಿ. ಈಗಲೇ ಹೌದು ಅಂತಲೋ ಇಲ್ಲ ಅಂತಲೋ ಬರೀಬೇಡಿ" ಎಂದರು. ಬರೆಯುತ್ತಿಲ್ಲ.

ನೆರಳಿನಲ್ಲಿ ಎರೆಹುಳುಗಳ ಪೆಟ್ಟಿಗೆ. ನಡುವೆ ತಗಡು ಇಟ್ಟು ಒಂದು ಅರ್ಧಕ್ಕೆ ಶುದ್ಧ ಮಣ್ಣು, ಇನ್ನೊಂದು ಅರ್ಧಕ್ಕೆ ಎಣ್ಣೆ ಬೆರೆಸಿದ ಮಣ್ಣು. ತಗಡು ಎತ್ತಿ, ನಡುಗೆರೆಯ ಮೇಲೆ ಕೆಂಪು ಎರೆಹುಳುಗಳನ್ನು ಬಿಟ್ಟು 48 ಗಂಟೆ ಕಾಯುತ್ತಾರೆ. ಆಮೇಲೆ ಯಾವ ಕಡೆ ಎಷ್ಟು ಹುಳು ಎಂದು ಎಣಿಕೆ. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಶುದ್ಧ ಮಣ್ಣಿಗೇ ಹೋಗಿದ್ದರೆ ಇನ್ನೊಂದು ಮಣ್ಣು ವಾಸಕ್ಕೆ ತಕ್ಕದ್ದಲ್ಲ ಎಂದು ತೀರ್ಮಾನ. ಯಾವ ಉಪಕರಣವೂ ಬೇಡದ ಈ ಪರೀಕ್ಷೆ ನನಗೆ ಬಹಳ ಹಿಡಿಸಿತು. ನಾನು ಹೋದಾಗ ಪೆಟ್ಟಿಗೆಯ ಗಡುವು ಮುಗಿದಿರಲಿಲ್ಲ, ತೆರೆಯಲು ಬಿಡಲಿಲ್ಲ.

ಮಾರುಕಟ್ಟೆಯಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಪುಡಿ ಎಂದು ಪೊಟ್ಟಣಗಳು ಸಿಗುತ್ತವೆ. ಅದನ್ನು ತಂದು ಎರಚಿದರೆ ಕೆಲಸ ಆಗುವುದಿಲ್ಲವೇ? ಅಲ್ಲಿಯವರಿಗೆ ಅದರ ಮೇಲೆ ದೊಡ್ಡ ಭರವಸೆ ಕಾಣಲಿಲ್ಲ. ಹೊರಗಿನಿಂದ ತಂದು ಬಿಟ್ಟ ಜೀವಿಗಳು ಊರಿನ ಜೀವಿಗಳ ಜೊತೆ ಪೈಪೋಟಿಯಲ್ಲಿ ಸೋಲುವುದೇ ಹೆಚ್ಚು. ಇರುವವಕ್ಕೇ ಗಾಳಿ, ತೇವ, ಸಾರಜನಕ ಒದಗಿಸುವುದು ಅಗ್ಗ, ಅದರಿಂದಲೇ ಕೆಲಸ ನಡೆಯುತ್ತದೆ. ತೇವ ಎಂದರೆ ಕೆಸರಲ್ಲ. ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಗಾಳಿ ಇಲ್ಲದೆ ಎಲ್ಲ ನಿಧಾನವಾಗುತ್ತದೆ. ಮಡಿಗಳಲ್ಲಿ ಕಂಡದ್ದನ್ನು ನೆನೆದರೆ ಈ ಮಾತು ಒಪ್ಪಬಹುದು ಎನ್ನಿಸಿತು.

ಕೊನೆಗೆ ತೋರಿಸಿದ್ದು ಬೇಲಿಯ ಬದಿಗೆ ಬೀಗ ಹಾಕಿದ ಒಂದು ಪಂಜರ. ಒಳಗೆ ಕಪ್ಪು ಡ್ರಮ್ಮು, ಬಳಸಿ ತೆಗೆದ ಎಣ್ಣೆಯದು. ಸಸ್ಯದ ಎಣ್ಣೆಯೂ ಇದರಲ್ಲೇ ಇದೆಯೇ ಎಂದೆ. ಇದೆ ಎಂದರು. ಗೇರ್ ಪೆಟ್ಟಿಗೆಯಲ್ಲೋ ಹೈಡ್ರಾಲಿಕ್ ಪಂಪಿನಲ್ಲೋ ಓಡಿದ ಎಣ್ಣೆ ಅಲ್ಲಿನ ಕಬ್ಬಿಣ, ತಾಮ್ರದ ಸವೆತವನ್ನೆಲ್ಲ ಹೊತ್ತು ತರುತ್ತದೆ. ಸವೆತ ತಡೆಯಲೆಂದು ಎಣ್ಣೆಗೆ ಸೇರಿಸುವ ಮದ್ದುಗಳಲ್ಲಿ ಸತು, ಗಂಧಕ ಇರುತ್ತವೆ. ಬ್ಯಾಕ್ಟೀರಿಯಾ ಎಣ್ಣೆಯನ್ನು ಉಸಿರು ಮಾಡಿ ಬಿಡಬಹುದು, ಲೋಹವನ್ನು ಏನೂ ಮಾಡಲಾರದು. ಎಣ್ಣೆ ಹೋದ ಮೇಲೂ ಅದು ಆ ಮಣ್ಣಿನಲ್ಲೇ ಉಳಿಯುತ್ತದೆ. ಬೇಲಿ ಕಂಬಕ್ಕೆ ಗೆದ್ದಲು ಹತ್ತದಿರಲೆಂದು ವೇಸ್ಟ್ ಆಯಿಲ್ ಬಳಿಯುವುದು ನಮ್ಮ ಹಳ್ಳಿಗಳಲ್ಲಿ ರೂಢಿ. ಬಳಸಿದ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯವೆಂದು 2016ರ ನಿಯಮದಲ್ಲೇ ಇದೆ, ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡಬೇಕು. ಹಳ್ಳಿಯ ಗ್ಯಾರೇಜಿನಲ್ಲಿ ಹತ್ತು ಲೀಟರ್ ಇಟ್ಟುಕೊಂಡವನ ಬಾಗಿಲಿಗೆ ಅಂಥ ಗಾಡಿ ಬರುವುದನ್ನು ನಾನಂತೂ ಕಂಡಿಲ್ಲ.

ಚೈನ್ ಸಾ, ಕಳೆ ಯಂತ್ರ ಇಟ್ಟುಕೊಂಡವರಿಗೆ ಒಂದು ಮಾತು. ಸಸ್ಯದ ಎಣ್ಣೆ ಎಂದು ಬರೆದ ಡಬ್ಬ ಕೈಗೆ ಬಂದರೆ ತಿರುಗಿಸಿ ಹಿಂಬದಿ ಓದಿ. 28 ದಿನದ ಪರೀಕ್ಷೆ ಪಾಸಾಗಿರುವುದು ಮದ್ದು ಬೆರೆಸಿ ತಯಾರಾದ ಎಣ್ಣೆಯೋ, ಬೆರೆಸುವ ಮುಂಚಿನ ಬರೀ ಮೂಲ ಎಣ್ಣೆಯೋ ಎಂದು ನೋಡಿ. ಬರೆದಿಲ್ಲದಿದ್ದರೆ ಅಂಗಡಿಯವರನ್ನು ಕೇಳಿ. ಅಂಥ ಎಣ್ಣೆ ಸಿಕ್ಕರೆ ಸರಪಳಿಗೆ ಹಾಕಿ, ತೋಟದ ಮಣ್ಣು ಅದನ್ನು ನಿಭಾಯಿಸುತ್ತದೆ. ಹಳ್ಳದ ಪಕ್ಕ ನಿಂತು ಡಬ್ಬ ತೊಳೆಯಬೇಡಿ. ಗೇರ್ ಪೆಟ್ಟಿಗೆಯಿಂದ ಇಳಿಸಿದ ಎಣ್ಣೆ ಹೊಂಗೆಯದೇ ಆಗಿದ್ದರೂ ಅದು ಡ್ರಮ್ಮಿಗೇ ಹೋಗಬೇಕು.